ನಿಕೋಲ್ಸ್ ಮಾಡಿದ ಬಿಳಿ ಸೂಪು

ಇಂಗ್ಲಿಷ್ ಲೇಖಕಿ ಜೇನ್ ಆಸ್ಟಿನ್ ಬರೆದ ‘ಪ್ರೈಡ್ ಅಂಡ್ ಪ್ರೆಜುಡಿಸ್’ ಕಾದಂಬರಿಯ ಹನ್ನೊಂದನೆಯ ಅಧ್ಯಾಯದಲ್ಲಿ, ತನ್ನ ಮನೆಯಲ್ಲಿ ನಡೆಯಲಿರುವ ನೃತ್ಯಕೂಟದ ಮಾತು ಬಂದಾಗ ಬಿಂಗ್ಲಿ ಎಂಬ ಸಿರಿವಂತ ತರುಣ, ನಿಕೋಲ್ಸ್ ಸಾಕಾಗುವಷ್ಟು ಬಿಳಿ ಸೂಪು ಮಾಡಿ ಮುಗಿಸಲಿ, ಆಮೇಲೆ ಕರೆಯೋಲೆ ಕಳಿಸುತ್ತೇನೆ ಎನ್ನುತ್ತಾನೆ. ಬೆಳಗಾವಿಯ ಕಾಲೇಜೊಂದರಲ್ಲಿ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಇಂಗ್ಲಿಷ್ ಸಾಹಿತ್ಯ ಕಲಿಸಿರುವ ನಾನು ಈ ವಾಕ್ಯವನ್ನು ತರಗತಿಯಲ್ಲಿ ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ಆದರೆ ಈ ನಿಕೋಲ್ಸ್ ಯಾರು, ಆ ಸೂಪು ಯಾವುದರಿಂದ ಆಗುತ್ತಿತ್ತು, ಒಂದು ನೃತ್ಯಕೂಟಕ್ಕೆ ಸಾಲುವಷ್ಟು ಮಾಡಲು ಎಷ್ಟು ಕೈ, ಎಷ್ಟು ಹೊತ್ತು ಬೇಕಾಗುತ್ತಿತ್ತು ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಹೋದ ನವೆಂಬರಿನಲ್ಲಿ ಹನ್ನೆರಡು ಜನರಿಗೆ ಅದೇ ಸೂಪನ್ನು ಬಡಿಸುವ ಉಮೇದು ಬಂದಾಗ ಈ ಮೂರೂ ಪ್ರಶ್ನೆಗಳು ಒಟ್ಟಿಗೇ ಅಡುಗೆಮನೆಯ ಹೊಸ್ತಿಲಿಗೆ ಬಂದು ನಿಂತವು.

ಉಮೇದಿಗೆ ಕಾರಣವಿತ್ತು. ಜೇನ್ ಆಸ್ಟಿನ್ ಹುಟ್ಟಿದ್ದು 1775ರ ಡಿಸೆಂಬರ್ 16ರಂದು, ಆದ್ದರಿಂದ 2025 ಆಕೆಯ 250ನೆಯ ವರ್ಷ. ಟಿಳಕವಾಡಿಯ ನಮ್ಮ ಮನೆಯಲ್ಲಿ ತಿಂಗಳಿಗೊಮ್ಮೆ ಸೇರುವ ಓದುಗರ ಗುಂಪು ಆ ವರ್ಷದ ಕೊನೆಗೆ ಆಕೆಯ ಕಾದಂಬರಿಯನ್ನು ಮತ್ತೊಮ್ಮೆ ಓದುವುದೆಂದೂ, ಚರ್ಚೆಯ ದಿನ ಆ ಕಾಲದ ಊಟವನ್ನೇ ಉಣ್ಣುವುದೆಂದೂ ಒಪ್ಪಿಕೊಂಡಿತ್ತು. ಕಾದಂಬರಿಯಲ್ಲಿ ನೃತ್ಯಕೂಟ ನಡೆದದ್ದು ನವೆಂಬರ್ 26ರಂದು. ಎಂಟು ತಿಂಗಳ ಮೇಲೆ ನಾಯಕಿಯನ್ನು ಕಂಡಾಗ ಬಿಂಗ್ಲಿ ಆ ತಾರೀಖನ್ನು ತಪ್ಪದೆ ಹೇಳುತ್ತಾನೆ, ಅದರಿಂದಲೇ ಅವನ ಮನಸ್ಸು ಎಲ್ಲಿದೆಯೆಂದು ನಮಗೆ ತಿಳಿಯುತ್ತದೆ. ನಾವು ಅದರ ಹಿಂದಿನ ರವಿವಾರವನ್ನು ಗೊತ್ತುಮಾಡಿದೆವು. ಕಟ್ಟಳೆಗಳು ನನ್ನವಲ್ಲ, ಮನೆಯವು. ನಮ್ಮ ಅಡುಗೆಮನೆಗೆ ಮಾಂಸವಾಗಲಿ ಮೊಟ್ಟೆಯಾಗಲಿ ಮದ್ಯವಾಗಲಿ ಇದುವರೆಗೆ ಬಂದಿಲ್ಲ. ಎಂಬತ್ತೊಂದು ವರ್ಷದ ನಮ್ಮ ಅತ್ತೆಯವರು ಇರುವತನಕ ಬರುವುದೂ ಇಲ್ಲ. ಅತ್ತ ನೋಡಿದರೆ ಹದಿನೆಂಟನೆಯ ಶತಮಾನದ ಇಂಗ್ಲಿಷ್ ಅಡುಗೆಯಲ್ಲಿ ಈ ಮೂರನ್ನೂ ತೆಗೆದರೆ ಉಳಿಯುವುದು ಬಹಳ ಕಡಿಮೆ.

ನಾನು ಆಧಾರವಾಗಿ ಇಟ್ಟುಕೊಂಡದ್ದು ಎರಡು ಪುಸ್ತಕಗಳನ್ನು. ಒಂದು, ಹನ್ನಾ ಗ್ಲಾಸ್ 1747ರಲ್ಲಿ ಪ್ರಕಟಿಸಿದ ಅಡುಗೆ ಪುಸ್ತಕ. ಅದರ ಮುಖಪುಟದಲ್ಲಿ ಆಕೆಯ ಹೆಸರೇ ಇರಲಿಲ್ಲ, ‘ಒಬ್ಬ ಮಹಿಳೆಯಿಂದ’ ಎಂದಷ್ಟೇ ಇತ್ತು. ಅರವತ್ತನಾಲ್ಕು ವರ್ಷಗಳ ನಂತರ, 1811ರಲ್ಲಿ, ಆಸ್ಟಿನ್ ತನ್ನ ಮೊದಲ ಕಾದಂಬರಿಯನ್ನು ಹೊರತಂದಾಗಲೂ ಮುಖಪುಟದ ಮೇಲೆ ಅದೇ ಮಾತಿತ್ತು. ಗ್ಲಾಸ್ ಪುಸ್ತಕದ ಪ್ರಸ್ತಾಪ ಬಂದಾಗ, ಇಂಗ್ಲಿಷ್ ನಿಘಂಟು ಬರೆದ ವಿದ್ವಾಂಸ ಡಾಕ್ಟರ್ ಜಾನ್ಸನ್, ಹೆಂಗಸರು ನೂಲನ್ನೇನೋ ಚೆನ್ನಾಗಿ ತೆಗೆಯಬಲ್ಲರು, ಒಳ್ಳೆಯ ಅಡುಗೆ ಪುಸ್ತಕವನ್ನು ಮಾತ್ರ ಬರೆಯಲಾರರು ಎಂದದ್ದನ್ನು ಅವರ ಜೀವನಚರಿತ್ರೆ ಬರೆದ ಬಾಸ್ವೆಲ್ ಬರೆದಿಟ್ಟಿದ್ದಾನೆ. ಜಾನ್ಸನ್ ಅವರ ಬಗ್ಗೆ ನನಗಿರುವ ಗೌರವ ಈ ಒಂದು ಕಡೆಯಲ್ಲಿ ಸ್ವಲ್ಪ ಸಡಿಲವಾಗುತ್ತದೆ. ಇನ್ನೊಂದು, ಚಾಟನ್ ಹಳ್ಳಿಯ ಮನೆಯಲ್ಲಿ ಆಸ್ಟಿನ್ ಕುಟುಂಬದೊಡನೆ ವಾಸವಾಗಿದ್ದ ಗೆಳತಿ ಮಾರ್ಥಾ ಲಾಯ್ಡ್ ಕೈಬರಹದಲ್ಲಿ ಕೂಡಿಸಿಟ್ಟ ಮನೆವಾರ್ತೆಯ ಪುಸ್ತಕ. ಆಸ್ಟಿನ್ ನಿಜವಾಗಿ ಉಂಡ ಅಡುಗೆ ಯಾವುದಾದರೂ ಇದ್ದರೆ ಅದು ಈ ಎರಡನೆಯದರ ಆಸುಪಾಸಿನದೇ ಇರಬೇಕು.

ಲಾಯ್ಡ್ ಪುಸ್ತಕದಲ್ಲಿ ಬಿಳಿ ಸೂಪಿನ ವಿಧಾನ ಮೂರು ಸಾಲಿಗಿಂತ ಹೆಚ್ಚಿಲ್ಲ. ಯಾವುದಾದರೊಂದು ಮಾಂಸದಿಂದ ‘ಗ್ರೇವಿ’ ಮಾಡಿಕೊಳ್ಳಬೇಕು, ಗಟ್ಟಿಯಾಗಿ ಬೇಯಿಸಿದ ನಾಲ್ಕು ಮೊಟ್ಟೆಯ ಹಳದಿಯನ್ನು ನುಣ್ಣಗೆ ಅರೆದು ಸೇರಿಸಬೇಕು, ಎರಡು ಔನ್ಸ್ ಬಾದಾಮಿಯನ್ನು ಅರೆದು ಹಾಕಬೇಕು, ಒಳ್ಳೆಯ ಬಣ್ಣ ಬರುವಷ್ಟು ಕೆನೆ ಬೆರೆಸಬೇಕು. ಎರಡು ಔನ್ಸನ್ನು ಐವತ್ತೇಳು ಗ್ರಾಮೆಂದು ಲೆಕ್ಕ ಹಾಕುವುದು ನನಗೆ ಸುಲಭವಾಗಿತ್ತು, ಆದರೆ ಗ್ರೇವಿ ಎಂಬ ಮಾತಿನಲ್ಲೇ ನಾನು ಎಡವಿದೆ. ಹೋಟೆಲಿನ ಪನೀರಿನ ಸುತ್ತ ಇರುವ ಮಂದವಾದ ಮಸಾಲೆಯನ್ನು ಕಣ್ಣ ಮುಂದಿಟ್ಟುಕೊಂಡು ಈರುಳ್ಳಿ ಹುರಿಯಲು ಹೊರಟವಳನ್ನು ತಡೆದದ್ದು ಅತ್ತೆಯವರು. ನಾನು ಸಾಲು ಸಾಲಾಗಿ ಕನ್ನಡಕ್ಕಿಳಿಸಿ ಹೇಳಿದ್ದನ್ನು ಕೇಳಿಸಿಕೊಂಡು, ಕೈಯಲ್ಲಿದ್ದ ಮೆಂತ್ಯದ ಸೊಪ್ಪನ್ನು ಬಿಡಿಸುತ್ತಲೇ, “ಅದು ಕಟ್ಟು ಐತಿ. ಹೋಳಿಗಿಗೆ ಬ್ಯಾಳಿ ಕುದಿಸಿ ಕಟ್ಟು ತಗೀತೀವಲ್ಲ, ಹಂಗ ಅವರು ಮಾಂಸದ ಕಟ್ಟು ತಗದಾರ. ನೀ ಬ್ಯಾಳಿ ಕಟ್ಟ ಹಾಕು” ಎಂದರು. ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಆ ಕಾಲದ ಅಡುಗೆ ಪುಸ್ತಕಗಳಲ್ಲಿ ಗ್ರೇವಿ ಎಂದರೆ ಬಹುಮಟ್ಟಿಗೆ ಮಾಂಸ ಕುದಿಸಿ ಬಸಿದ ಸಾರವೇ. ಇಂಗ್ಲಿಷ್ ಎಂ.ಎ. ಮಾಡಿದವಳಿಗೆ ನಿಘಂಟಿನಲ್ಲಿ ಸಿಗದ ಅರ್ಥ ಕಟ್ಟಿನ ಸಾರು ಮಾಡಿದ ಕೈಗೆ ಸಿಕ್ಕಿತು.

ಕಡ್ಲಿಬೇಳೆಯ ಕಟ್ಟಿಗೆ ಗಜ್ಜರಿ, ಈರುಳ್ಳಿ, ಕೊತ್ತಂಬರಿಯ ದಂಟು, ಒಂದೆರಡು ಎಸಳು ಜಾಪತ್ರಿ ಹಾಕಿ ಕುದಿಸಿದ ನೀರನ್ನು ಸಮಸಮವಾಗಿ ಬೆರೆಸಿದೆ. ಮೊಟ್ಟೆಯ ಹಳದಿಯ ಬದಲಿಗೆ ಹಿಡಿಯಷ್ಟು ಇಂದ್ರಾಯಣಿ ಅಕ್ಕಿಯನ್ನು ಮುದ್ದೆಯಾಗುವಂತೆ ಬೇಯಿಸಿ ಮಸೆದು ಸೇರಿಸಿದೆ. ಆ ಅಕ್ಕಿಯ ಅಂಟು ಸೂಪನ್ನು ಹಿಡಿದು ನಿಲ್ಲಿಸಿತು. ಬಾದಾಮಿಯದು ಬೇರೆ ಕಥೆ. ನೆನೆಸಿ ಸಿಪ್ಪೆ ತೆಗೆದ ಬಾದಾಮಿಯನ್ನು ಮಿಕ್ಸರಿಗೆ ಹಾಕಿದರೆ ಬಿಸಿಗೆ ಎಣ್ಣೆ ಬಿಟ್ಟು, ಸೂಪಿನ ಮೇಲೆ ಹನಿಹನಿಯಾಗಿ ತೇಲುತ್ತದೆ. ಬಾದಾಮಿ ಅರೆಯುವಾಗ ನಡುನಡುವೆ ಗುಲಾಬಿ ನೀರನ್ನೋ ತಣ್ಣೀರನ್ನೋ ಚಿಮುಕಿಸುತ್ತಿರಬೇಕು, ಇಲ್ಲವಾದರೆ ಎಣ್ಣೆಯಾಗುತ್ತದೆ ಎಂಬ ಎಚ್ಚರಿಕೆ ಹಳೆಯ ಇಂಗ್ಲಿಷ್ ಪುಸ್ತಕಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ನಮ್ಮ ಮನೆಗೆಲಸಕ್ಕೆ ಬರುವ ಅಕ್ಕ ಶೇಂಗಾ ಅರೆದು ಪಳಗಿದವರು. ಒರಳಿನ ಮುಂದೆ ಕುಳಿತು, ಯಾರೂ ಹೇಳದೆಯೇ ಎಡಗೈಯಿಂದ ನೀರು ಚಿಮುಕಿಸುತ್ತ ಮುಕ್ಕಾಲು ಗಂಟೆಯಲ್ಲಿ ಬೆಣ್ಣೆಯಂಥ ಬಾದಾಮಿಯನ್ನು ಎತ್ತಿಕೊಟ್ಟರು. ಹನ್ನೆರಡು ಜನರಿಗೇ ಮುಕ್ಕಾಲು ಗಂಟೆ. ಬಿಂಗ್ಲಿ ಏಕೆ ಕಾಯಬೇಕಾಗಿತ್ತು ಎಂಬುದು ನನಗೆ ಆಗ ತಿಳಿಯಿತು.

ಎರಡನೆಯ ಪದಾರ್ಥವಾಗಿ ಗ್ಲಾಸ್ ಪುಸ್ತಕದ ‘ಇಂಡಿಯಾ ರೀತಿಯ ಕರಿ’ಯನ್ನು ಆರಿಸಿಕೊಂಡಿದ್ದೆ. ಎರಡು ಕೋಳಿ ಅಥವಾ ಮೊಲ, ಮೂರು ನಾಲ್ಕು ಸಣ್ಣ ಈರುಳ್ಳಿ, ಎಣಿಸಿ ಮೂವತ್ತು ಮೆಣಸಿನ ಕಾಳು, ದೊಡ್ಡ ಚಮಚ ಅಕ್ಕಿ, ಶುಚಿಯಾದ ಸಲಿಕೆಯ ಮೇಲೆ ಕೆಂಡದಲ್ಲಿ ಹುರಿದು ಕುಟ್ಟಿದ ಕೊತ್ತಂಬರಿ ಬೀಜ, ಒಂದು ಪಿಂಟ್ ನೀರು, ಕಡೆಗೆ ಅಕ್ರೋಟಿನ ಗಾತ್ರದ ಬೆಣ್ಣೆ. ಇಷ್ಟೇ. ಆ ಮೊದಲ ಮುದ್ರಣದಲ್ಲಿ ಅರಿಶಿನವೂ ಇಲ್ಲ, ಮೆಣಸಿನಕಾಯಿಯಂತೂ ಇಲ್ಲವೇ ಇಲ್ಲ. ಸಲಿಕೆಯ ಮಾತಿಗೆ ಅಡುಗೆಮನೆಯಲ್ಲಿ ನಗೆ ಎದ್ದಿತು, ನಾವು ರೊಟ್ಟಿಯ ಹಂಚಿನ ಮೇಲೆ ಹುರಿದೆವು. ಆದರೆ ಅಕ್ರೋಟಿನ ಗಾತ್ರದ ಬೆಣ್ಣೆಗೆ ಯಾರೂ ನಗಲಿಲ್ಲ, ಏಕೆಂದರೆ ಲಿಂಬೆಹಣ್ಣಿನ ಗಾತ್ರದ ಹುಣಸೆಹಣ್ಣಿನಿಂದ ಸಾರು ಮಾಡುವ ಮನೆಯಲ್ಲಿ ಅದಕ್ಕಿಂತ ಖಚಿತವಾದ ಅಳತೆ ಬೇರೊಂದಿಲ್ಲ. ಕೋಳಿಯ ಜಾಗಕ್ಕೆ ಎಣ್ಣೆಗಾಯಿಗೆ ತರುವ ಸಣ್ಣ ಗುಂಡು ಬದನೆಕಾಯಿ ಬಂತು. ನೀರಿನ ವಿಷಯದಲ್ಲಿ ಒಂದು ಸೂಕ್ಷ್ಮವಿದೆ: ಇಂದಿನ ಬ್ರಿಟಿಷ್ ಪಿಂಟ್ 568 ಮಿಲಿಲೀಟರಿನದು, ಆದರೆ ಆ ಅಳತೆ ಕಾನೂನಾಗಿ ಬಂದದ್ದು 1824ರಲ್ಲಿ, ಅದಕ್ಕೆ ಮೊದಲು ದ್ರಾಕ್ಷಾರಸದ ಪಿಂಟ್ ಬೇರೆ, ಬಿಯರಿನದು ಬೇರೆ ಇದ್ದವು. ನಾನು ಚಿಕ್ಕದಾದ, ಸುಮಾರು 473 ಮಿಲಿಲೀಟರಿನ ದ್ರಾಕ್ಷಾರಸದ ಪಿಂಟನ್ನೇ ಹಿಡಿದೆ, ಬದನೆಕಾಯಿ ತಾನೇ ನೀರು ಬಿಡುವುದರಿಂದ ಅದೂ ಹೆಚ್ಚೇ ಆಯಿತು. ರುಚಿ ನೋಡಿದ ಅತ್ತೆಯವರು, “ಇದು ಬಾಣಂತಿಗೆ ಮಾಡೋ ಪಲ್ಯ ಐತಿ” ಎಂದರು. ಮೆಣಸು, ಕೊತ್ತಂಬರಿ, ಬೆಣ್ಣೆ ಇದ್ದು ಖಾರದಪುಡಿ ಇಲ್ಲದ ಪದಾರ್ಥಕ್ಕೆ ಇದಕ್ಕಿಂತ ಒಪ್ಪುವ ಹೆಸರು ನನಗೂ ತೋಚಲಿಲ್ಲ.

ನಿಜವಾದ ಪರೀಕ್ಷೆ ಪುಡಿಂಗಿನದು. 1798ರ ಡಿಸೆಂಬರಿನಲ್ಲಿ ಅಕ್ಕ ಕಸ್ಸಾಂಡ್ರಾಳಿಗೆ ಬರೆದ ಪತ್ರದಲ್ಲಿ ಆಸ್ಟಿನ್, ಊಟದ ಹೊತ್ತಿಗೆ ಮನೆಗೆ ಬಂದ ವೈದ್ಯರನ್ನು ಪಂಕ್ತಿಗೆ ಕರೆಯಲು ತನಗೆ ನಾಚಿಕೆಯೆನಿಸಲಿಲ್ಲ, ಏಕೆಂದರೆ ಅಂದು ಬಟಾಣಿ ಸೂಪು, ಪಕ್ಕೆಲುಬಿನ ಮಾಂಸ ಮತ್ತು ಒಂದು ಪುಡಿಂಗ್ ಇದ್ದವು ಎನ್ನುತ್ತಾಳೆ. ಪುಡಿಂಗ್ ಎಂದೊಡನೆ ನಮ್ಮ ಬೇಕರಿಯ ಗಾಜಿನ ಬಟ್ಟಲಲ್ಲಿ ನಡುಗುವ ವಸ್ತುವನ್ನು ನೆನೆಯಬಾರದು. ಹಿಟ್ಟು, ಹಣ್ಣು, ಕೊಬ್ಬುಗಳನ್ನು ಗಟ್ಟಿಯಾಗಿ ಕಲಸಿ, ಬಟ್ಟೆಯಲ್ಲಿ ಗಂಟು ಕಟ್ಟಿ, ಕುದಿಯುವ ನೀರಿನಲ್ಲಿ ಮುಳುಗಿಸಿ ಬೇಯಿಸಿದ್ದು ಅದು. ಗ್ಲಾಸ್ ಹೇಳುವ ಪ್ಲಮ್ ಪುಡಿಂಗಿನಲ್ಲಿ ಪ್ಲಮ್ ಹಣ್ಣು ಇಲ್ಲ, ಆ ಮಾತಿಗೆ ಅಲ್ಲಿ ಒಣದ್ರಾಕ್ಷಿಯೆಂದೇ ಅರ್ಥ. ಒಂದು ಪೌಂಡ್ ದನದ ಕೊಬ್ಬು, ಒಂದು ಪೌಂಡ್ ಕರಂಟ್ ಎಂಬ ಸಣ್ಣ ಕಪ್ಪು ದ್ರಾಕ್ಷಿ, ಒಂದು ಪೌಂಡ್ ಬೀಜ ತೆಗೆದ ಒಣದ್ರಾಕ್ಷಿ, ಎಂಟು ಮೊಟ್ಟೆ, ಅರ್ಧ ಜಾಜಿಕಾಯಿ, ಒಂದು ಚಹಾ ಚಮಚ ಶುಂಠಿಪುಡಿ, ಒಂದು ಪೌಂಡ್ ಹಿಟ್ಟು, ಒಂದು ಪಿಂಟ್ ಹಾಲು. ಐದು ತಾಸು ಕುದಿಸಬೇಕು.

ಅದರ ಅರ್ಧವನ್ನು ನಾನು ತೆಗೆದುಕೊಂಡೆ. ಒಣದ್ರಾಕ್ಷಿಗೆ ನಾವು ವಿಲಾಯತಿಯ ಕಡೆ ನೋಡಬೇಕಾಗಿರಲಿಲ್ಲ, ರವಿವಾರ ಪೇಟೆಯ ಅಂಗಡಿಯಲ್ಲಿ ವಿಜಯಪುರ ಸೀಮೆಯ ಹಸಿರು ಮತ್ತು ಕಪ್ಪು ಎರಡೂ ಬಗೆ ರಾಶಿ ಬಿದ್ದಿದ್ದವು. ಕಪ್ಪನ್ನು ಸಣ್ಣಗೆ ಹೆಚ್ಚಿ ಕರಂಟ್ ಎಂದುಕೊಂಡೆ. ಕೊಬ್ಬಿನ ವಿಷಯ ಹೆಚ್ಚು ತಲೆ ತಿಂದಿತು. ದನದ ಆ ಕೊಬ್ಬು ನಿಧಾನವಾಗಿ ಕರಗುವುದರಿಂದ, ಹಿಟ್ಟು ಬೆಂದು ಗಟ್ಟಿಯಾಗುವವರೆಗೂ ತನ್ನ ಜಾಗವನ್ನು ಹಿಡಿದಿದ್ದು, ಆಮೇಲೆ ಕರಗಿ ಸಣ್ಣ ಸಣ್ಣ ಪೊಳ್ಳುಗಳನ್ನು ಬಿಡುತ್ತದೆ; ಪುಡಿಂಗ್ ಹಗುರಾಗುವುದು ಅದರಿಂದ. ಬೆಣ್ಣೆ ಹಾಗಲ್ಲ, ಬೇಗ ಕರಗಿ ಹಿಟ್ಟನ್ನು ಜಿಡ್ಡು ಮಾಡುತ್ತದೆ. ತುಪ್ಪವನ್ನು ಫ್ರೀಜರಿನಲ್ಲಿ ಕಲ್ಲಾಗಿಸಿ, ಹೆರೆಮಣೆಯಲ್ಲಿ ಹೆರೆದು, ಹೆರೆದದ್ದನ್ನು ಮತ್ತೆ ತಣ್ಣಗಿಟ್ಟು, ಕಲಸುವ ಕೊನೆಯಲ್ಲಿ ಸೇರಿಸುವುದೆಂದು ತೀರ್ಮಾನಿಸಿದೆ. ಮೊಟ್ಟೆಯ ಬದಲು ಹುರಿಯದ ಅಗಸಿಯ ಪುಡಿಯನ್ನು ನೀರಿನಲ್ಲಿ ನೆನೆಸಿದಾಗ ಬರುವ ಲೋಳೆ ಕೆಲಸಕ್ಕೆ ಬಂತು. ಹಿಂಡಿಗೆಂದು ತಂದಿಟ್ಟ ಅಗಸಿ ನಮ್ಮ ಕಡೆ ಯಾವ ಮನೆಯಲ್ಲಿ ಇರುವುದಿಲ್ಲ?

ಎರಡು ವಾರ ಮೊದಲು ಮಾಡಿ ನೋಡಿದ ಮೊದಲ ಪುಡಿಂಗ್ ನೀರುಪಾಲಾಯಿತು, ಈ ಮಾತನ್ನು ನಾನು ಅಲಂಕಾರಕ್ಕೆ ಹೇಳುತ್ತಿಲ್ಲ. ಮಾವನವರ ಹಳೆಯ ಧೋತರದ ತುಂಡಿನಲ್ಲಿ ಕಟ್ಟಿ ತಣ್ಣೀರಿನ ಪಾತೇಲಿಯಲ್ಲಿ ಇಳಿಬಿಟ್ಟು ಒಲೆ ಹೊತ್ತಿಸಿದೆ. ನೀರು ಕುದಿಯುವ ಹೊತ್ತಿಗೆ ಬಟ್ಟೆಯಲ್ಲಿ ಒಣದ್ರಾಕ್ಷಿಯೂ ಪಾತೇಲಿಯಲ್ಲಿ ಸಿಹಿ ಅಂಬಲಿಯೂ ಉಳಿದಿದ್ದವು. ಆಮೇಲೆ ಪುಸ್ತಕವನ್ನು ಮತ್ತೆ ತೆರೆದರೆ ಎಲ್ಲವೂ ಅಲ್ಲೇ ಇತ್ತು. ಬಟ್ಟೆ ಶುಚಿಯಾಗಿರಬೇಕು, ಸಾಬೂನಿನ ವಾಸನೆ ಇರಬಾರದು. ಅದನ್ನು ಬಿಸಿನೀರಿನಲ್ಲಿ ಅದ್ದಿ ಮೇಲೆ ಹಿಟ್ಟು ಉದುರಿಸಬೇಕು. ಪುಡಿಂಗ್ ಇಳಿಸುವಾಗ ನೀರು ಕುದಿಯುತ್ತಿರಬೇಕು. ತಳ ಹಿಡಿಯದಂತೆ ಆಗಾಗ ಅಲುಗಿಸಬೇಕು. ಬೆಂದ ಮೇಲೆ ಗಂಟನ್ನು ತಣ್ಣೀರಿನಲ್ಲಿ ಅದ್ದಿ ತೆಗೆದರೆ ಬಟ್ಟೆಗೆ ಅಂಟದೆ ಹೊರಬರುತ್ತದೆ. ಕುದಿನೀರು ತಗುಲಿದೊಡನೆ ಬಟ್ಟೆಯ ಮೇಲಿನ ಹಿಟ್ಟು ಅಂಟಾಗಿ ಪದರಗಟ್ಟಿ ಒಳಗೆ ನೀರು ಬಿಡದಂತೆ ಕಾಯುತ್ತದೆಂಬ ಕಾರಣವನ್ನು ನಾನು ಊಹಿಸುತ್ತ ಕುಳಿತಿದ್ದಾಗ ಅತ್ತೆಯವರು, “ಕುದಿಯೋ ನೀರಾಗ ಬಿಡಲಿಲ್ಲಂದ್ರ ಕಡಬರ ನಿಲ್ಲತಾವೇನವಾ?” ಎಂದು ಕೇಳಿದರು. ತಣ್ಣೀರಿನ ಉಪಾಯವಂತೂ ಅವರಿಗೆ ಹೊಸದೇ ಅಲ್ಲ, ಬಟ್ಟೆಯ ಮೇಲೆ ಇಡ್ಲಿ ಬೇಯಿಸುವ ಎಲ್ಲರೂ ತಟ್ಟೆಯನ್ನು ಬೋರಲು ಹಾಕಿ ಬಟ್ಟೆಯ ಬೆನ್ನಿಗೆ ತಣ್ಣೀರು ಚಿಮುಕಿಸಿಯೇ ಇಡ್ಲಿ ಬಿಡಿಸುತ್ತಾರೆ.

ಗ್ಲಾಸ್ ತನ್ನ ಮುನ್ನುಡಿಯಲ್ಲಿ, ದೊಡ್ಡ ಬಾಣಸಿಗರ ಎತ್ತರದ ಮಾತುಗಳು ಬಡ ಕೆಲಸದ ಹುಡುಗಿಯರಿಗೆ ಅರ್ಥವಾಗುವುದಿಲ್ಲ, ಆದ್ದರಿಂದ ತಾನು ಅವರಿಗೆ ತಿಳಿಯುವ ಮಾತಿನಲ್ಲಿ ಬರೆದಿದ್ದೇನೆ ಎಂದು ಹೇಳಿಕೊಳ್ಳುತ್ತಾಳೆ. ಆ ಪುಸ್ತಕ ನನ್ನಂಥವರಿಗಾಗಿ ಬರೆದದ್ದಲ್ಲ ಎಂಬುದು ಪುಡಿಂಗ್ ಒಡೆದ ದಿನ ನನಗೆ ಸ್ಪಷ್ಟವಾಯಿತು.

ಎರಡನೆಯ ಸಲ ನಾನು ಓದುವುದು, ಅತ್ತೆಯವರು ಮಾಡಿಸುವುದು ಎಂದಾಯಿತು. ಇಷ್ಟು ಹೊತ್ತು ಗ್ಯಾಸ್ ಉರಿಸುವುದು ಬೇಡವೆಂದು, ಡಿಕನ್ಸ್ ಕಥೆಯ ಕ್ರ್ಯಾಚಿಟ್ ಕುಟುಂಬ ಬಟ್ಟೆ ಒಗೆಯುವ ತಾಮ್ರದ ಹಂಡೆಯಲ್ಲಿ ಪುಡಿಂಗ್ ಬೇಯಿಸುವುದನ್ನು ನೆನಪಿಸಿ, ಹಿತ್ತಲಿನ ನೀರೊಲೆಯ ಹಂಡೆಯನ್ನು ಸೂಚಿಸಿದೆ. ಬಚ್ಚಲ ಹಂಡೆಯಲ್ಲಿ ಉಣ್ಣುವ ಪದಾರ್ಥವೇ ಎಂದು ಅವರು ನೋಡಿದ ನೋಟಕ್ಕೆ ಆ ಮಾತು ಅಲ್ಲಿಗೇ ನಿಂತಿತು. ಹಿತ್ತಲಿನಲ್ಲಿ ಮೂರು ಕಲ್ಲು ಹೂಡಿ, ದೊಡ್ಡ ಪಾತೇಲಿಯಲ್ಲಿ ಎರಡು ಗಂಟುಗಳನ್ನು ಮೂರು ತಾಸು ಕುದಿಸಿದೆವು, ನೀರು ಇಳಿದಂತೆಲ್ಲ ಅಕ್ಕ ಕುದಿನೀರನ್ನೇ ಸುರಿಯುತ್ತಿದ್ದರು. ಗ್ಲಾಸ್ ಹೇಳಿದ ಪಟ್ಟಿಯಲ್ಲಿ ಸಕ್ಕರೆಯೇ ಇಲ್ಲ, ಸಿಹಿಯೆಲ್ಲ ಹಣ್ಣಿನದು. ಅತ್ತೆಯವರು ಇದನ್ನು ಮುದ್ರಣದ ತಪ್ಪೆಂದು ಭಾವಿಸಿ, ನಾನು ಅತ್ತ ತಿರುಗಿದಾಗ ಹಿಡಿ ಮಹಾಲಿಂಗಪುರದ ಬೆಲ್ಲವನ್ನು ಹಿಟ್ಟಿಗೆ ಸೇರಿಸಿದ್ದರೆಂಬುದು ನನಗೆ ಗೊತ್ತಾದದ್ದು ಊಟವೆಲ್ಲ ಮುಗಿದ ಮೇಲೆ.

ಉಳಿದವನ್ನು ಸುಮ್ಮನೆ ಹೆಸರಿಸಿದರೆ ಸಾಕು. ಒಣ ಹಸಿರು ಬಟಾಣಿಯ ಸೂಪಿಗೆ ಪುದೀನ ಹಾಕಿದ್ದೆ, ಎಲ್ಲರಿಗೂ ಹಿಡಿಸಿತು. ಸಾದಾ ಊಟ ಮೆಚ್ಚುವ ನಾಯಕಿಯೊಡನೆ ಮುಂದೆ ಮಾತೇ ಆಡದ, ಬಿಂಗ್ಲಿಯ ಭಾವ ಹರ್ಸ್ಟ್ ಮಹಾಶಯನ ಗೌರವಕ್ಕೆಂದು ಅಣಬೆಯ ರಾಗೂ, ಎಂದರೆ ಅವನಿಗೆ ಪ್ರಿಯವಾದ ಮಸಾಲೆಯ ಪದಾರ್ಥ, ಇತ್ತು. ‘ಎಮ್ಮಾ’ ಕಾದಂಬರಿಯ ವೃದ್ಧ ತಂದೆ ಎಲ್ಲರಿಗೂ ಒತ್ತಾಯಿಸುವ ಓಟ್ಸಿನ ಗಂಜಿಯನ್ನು ಚಹಾದ ಕಪ್ಪಿನಲ್ಲಿ ತಮಾಷೆಗಾಗಿ ಇಟ್ಟಿದ್ದೆ. ಮಧುಮೇಹವಿರುವ ಇಬ್ಬರು ಅದನ್ನು ತಮಾಷೆಯಿಲ್ಲದೆ ಕುಡಿದರು.

ಬಡಿಸುವ ಕ್ರಮದಲ್ಲಿ ಮಾತ್ರ ನಮಗೆ ಹೊಂದಿಸಿಕೊಳ್ಳುವ ಕಷ್ಟವೇ ಇರಲಿಲ್ಲ. ಒಂದೊಂದೇ ಪದಾರ್ಥವನ್ನು ಸರದಿಯಂತೆ ತರುವ, ನಾವು ಇಂದು ವಿಲಾಯತಿ ಪದ್ಧತಿಯೆಂದು ತಿಳಿದಿರುವ ರೀತಿ ಇಂಗ್ಲೆಂಡಿನಲ್ಲಿ ನೆಲೆಗೊಂಡದ್ದು ಹತ್ತೊಂಬತ್ತನೆಯ ಶತಮಾನ ನಡೆದಂತೆ. ಆಸ್ಟಿನ್ ಕಾಲದಲ್ಲಿ ಒಂದು ಸರದಿಯ ಪಾತ್ರೆಗಳನ್ನೆಲ್ಲ ಮೇಜಿನ ಮೇಲೆ ಒಮ್ಮೆಗೇ ಹರಡಿ, ಕೈಗೆಟಕಿದ್ದನ್ನು ಬಡಿಸಿಕೊಂಡು ಪಕ್ಕದವರಿಗೂ ಬಡಿಸುತ್ತಿದ್ದರು. ಊಟದ ಹೊತ್ತೂ ಇಂದಿನದಲ್ಲ: 1798ರ ಅದೇ ಡಿಸೆಂಬರಿನ ಮತ್ತೊಂದು ಪತ್ರದಲ್ಲಿ ತಾವು ಮಧ್ಯಾಹ್ನ ಮೂರೂವರೆಗೆ ಉಣ್ಣುತ್ತೇವೆಂದು ಆಕೆ ಬರೆದಿದ್ದರೆ, ಕಾದಂಬರಿಯ ಸಿರಿವಂತರ ಮನೆಯಲ್ಲಿ ಆರೂವರೆಗೆ ಕರೆ ಬರುತ್ತದೆ. ನಾವು ಮೂರೂವರೆಯನ್ನೇ ಹಿಡಿದೆವು. ಪಕ್ಕದ ಸಣ್ಣ ಮೇಜಿನ ಮೇಲೆ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಗಟ್ಟಿ ಮೊಸರು ಇದ್ದವು. ಅವು ನನ್ನ ಯೋಜನೆಯಲ್ಲಿ ಇರಲಿಲ್ಲ. ಕರೆದ ಜನರನ್ನು ರೊಟ್ಟಿಯಿಲ್ಲದೆ ಏಳಿಸಬಾರದೆಂದು ಅತ್ತೆಯವರು ಬೆಳಿಗ್ಗೆಯೇ ಅಕ್ಕನಿಂದ ಬಡಿಸಿಟ್ಟಿದ್ದರು, ಎಲ್ಲಕ್ಕಿಂತ ಮೊದಲು ಖಾಲಿಯಾದದ್ದೂ ಅದೇ ಮೇಜು.

ಬಿಳಿ ಸೂಪಿನ ಬಗ್ಗೆ ಅಭಿಪ್ರಾಯ ಎರಡಾಯಿತು. ಬ್ಯಾಂಕಿನಿಂದ ನಿವೃತ್ತರಾದ ಸದಸ್ಯರೊಬ್ಬರು ಬಾಸುಂದಿಗೆ ಯಾರೋ ಕೈತಪ್ಪಿ ಉಪ್ಪು ಹಾಕಿದಂತಿದೆ ಎಂದರು. ಬಾದಾಮಿ, ಕೆನೆ, ಜಾಪತ್ರಿ ಒಟ್ಟಿಗೆ ಬಂದರೆ ನಮ್ಮ ನಾಲಿಗೆ ಸಿಹಿಯನ್ನೇ ಕಾಯುತ್ತದೆ, ತಪ್ಪು ಅವರದಲ್ಲ. ಪುಡಿಂಗ್ ಮಾತ್ರ ಎಲ್ಲರನ್ನೂ ಗೆದ್ದಿತು. ಧೋತರದ ನೇಯ್ಗೆಯ ಗೆರೆಗಳನ್ನು ಮೈಮೇಲೆ ಹೊತ್ತು, ಕಂದು ಬಣ್ಣದ ಎರಡು ಗುಂಡುಗಳು ತಾಟಿನಲ್ಲಿ ಉರುಳಿ ನಿಂತಾಗ ಕೆಲವರು ಎದ್ದು ನಿಂತು ನೋಡಿದರು. ಪುಸ್ತಕದಂತೆ ಕರಗಿಸಿದ ಬೆಣ್ಣೆ ಸುರಿದಿದ್ದರೂ, ಹೋಳಿಗೆಗೆ ಕೇಳುವಂತೆ ಹಾಲು ತುಪ್ಪ ಕೇಳಿ ಹಾಕಿಸಿಕೊಂಡರು.

ಆಗಲೇ ಅದೇ ನಿವೃತ್ತ ಸದಸ್ಯರು, ಇದು ಯಾರ ಕೈಯಡುಗೆ ಎಂದು ಕೇಳಿದರು. ಕಾದಂಬರಿಯ ಹದಿಮೂರನೆಯ ಅಧ್ಯಾಯ ಓದಿದವರೆಲ್ಲ ನಕ್ಕರು. ಕಾಲಿನ್ಸ್ ಎಂಬ ಪಾದ್ರಿ ಊಟವನ್ನು ಹೊಗಳುತ್ತ, ಈ ಅಡುಗೆಯ ಕೀರ್ತಿ ಯಾವ ಸೋದರಿಗೆ ಸಲ್ಲಬೇಕು ಎಂದು ವಿಚಾರಿಸುತ್ತಾನೆ; ನಾಯಕಿಯ ತಾಯಿ, ಬೆನೆಟ್ ಅವರ ಹೆಂಡತಿ, ಸಿಡುಕಿನಿಂದ, ಒಳ್ಳೆಯ ಅಡುಗೆಯವರನ್ನು ಇಟ್ಟುಕೊಳ್ಳುವ ಶಕ್ತಿ ನಮಗಿದೆ, ನನ್ನ ಹೆಣ್ಣುಮಕ್ಕಳಿಗೆ ಅಡುಗೆಮನೆಯಲ್ಲಿ ಕೆಲಸವಿಲ್ಲ ಎಂದು ಉತ್ತರ ಕೊಡುತ್ತಾಳೆ. ಇಡೀ ಮಾತುಕತೆಯಲ್ಲಿ ಆ ಅಡುಗೆಯವರ ಹೆಸರು ಮಾತ್ರ ಬರುವುದಿಲ್ಲ. ನಾನೂ ನಕ್ಕೆ. ನಗುತ್ತಿರುವಾಗಲೇ ನನ್ನ ಕಣ್ಣು ಪ್ರತಿ ತಾಟಿನ ಬಳಿ ಇಟ್ಟಿದ್ದ ಪಟ್ಟಿಯ ಮೇಲೆ ಬಿತ್ತು. ಅದನ್ನು ಒಂದು ರಾತ್ರಿ ಕುಳಿತು ಬಹಳ ಆಸ್ಥೆಯಿಂದ ಬರೆದಿದ್ದೆ. ಪ್ರತಿ ಪದಾರ್ಥದ ಎದುರು ಗ್ಲಾಸ್ 1747, ಲಾಯ್ಡ್ ಎಂದೆಲ್ಲ ಇತ್ತು, ಕೆಳಗೆ ‘ರೂಪಾಂತರ’ ಎಂದು ಬರೆದು ನನ್ನ ಹೆಸರು ಹಾಕಿಕೊಂಡಿದ್ದೆ. ಕಟ್ಟು ಸೂಚಿಸಿದವರದಾಗಲಿ ಬಾದಾಮಿ ಅರೆದವರದಾಗಲಿ ಹೆಸರು ಅದರಲ್ಲಿ ಇರಲಿಲ್ಲ. ಪ್ರಶ್ನೆಗೆ ಅತ್ತೆಯವರನ್ನೂ ಅಕ್ಕನನ್ನೂ ಹೊರಗೆ ಕರೆದೆ. ಅಕ್ಕ ಬಂದರು. ಅತ್ತೆಯವರು ಕೈಯಲ್ಲಿ ಹಾಲಿದೆಯೆಂದು ಒಳಗಿಂದಲೇ ಹೇಳಿದರು.

ರಾತ್ರಿ ಪಾತ್ರೆ ಎತ್ತಿಡುವಾಗ ಅವರು ಕೇಳಿದ್ದು ಒಂದೇ ಪ್ರಶ್ನೆ. ಆ ನಿಕೋಲ್ಸ್ ಮಾಡಿದ ಸೂಪು ಕಡೆಗೆ ಬಂದವರಿಗೆ ಸಾಲಿತೋ ಇಲ್ಲವೋ ಎಂಬುದು. ನೃತ್ಯಕೂಟ ನಡೆಯುತ್ತದೆ, ರಾತ್ರಿಯ ಊಟವೂ ಆಗುತ್ತದೆ, ಆದರೆ ಸೂಪಿನ ಮಾತನ್ನು ಕಾದಂಬರಿ ಮತ್ತೆ ಎತ್ತುವುದಿಲ್ಲ ಎಂದೆ. ನಿಕೋಲ್ಸ್ ಮಾತ್ರ ಇನ್ನೊಮ್ಮೆ, ಕಥೆ ಮುಗಿಯುತ್ತ ಬಂದಾಗ, ‘ಮಿಸೆಸ್’ ಎಂಬ ಗೌರವದೊಡನೆ ಕಾಣಿಸಿಕೊಳ್ಳುತ್ತಾರೆ. ಬಿಂಗ್ಲಿ ಮರಳಿ ಬರುತ್ತಾನೆಂಬ ಸುದ್ದಿ ಊರಿಗೆ ತಿಳಿಯುವುದೇ ಅವರಿಂದ, ಮಾಂಸದಂಗಡಿಗೆ ಹೇಳಿಬರಲು ಹೊರಟವರನ್ನು ಬೀದಿಯಲ್ಲಿ ಒಬ್ಬಾಕೆ ನಿಲ್ಲಿಸಿ ಕೇಳಿದಾಗ. ಕೊಯ್ಯಲು ತಯಾರಾದ ಮೂರು ಜೋಡಿ ಬಾತುಕೋಳಿಗಳನ್ನೂ ಅವರು ಹೊಂದಿಸಿಟ್ಟುಕೊಂಡಿರುತ್ತಾರೆ.

“ಹಂಗಾರ ಪ್ಯಾಟಿಗೂ ಆಕಿನ ಹೋಗತಿದ್ಲು” ಎಂದು ಅತ್ತೆಯವರು ಧೋತರದ ತುಂಡನ್ನು ಹಿಂಡಿ, ಜಾಡಿಸಿ, ಹಿತ್ತಲಿನ ಹಗ್ಗದ ಮೇಲೆ ಒಣಹಾಕಿದರು.